ಹದಿನಾಲ್ಕನೇ ಹಾಸಿಗೆ

ಜೂನ್ 4

ಅಣ್ಣನಿಗೆ,

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಬೀದಿಯ ಇಸ್ತ್ರಿ ಅತ್ತೆ, ಹೋದ ಸೋಮವಾರ ಬೆಳಿಗ್ಗೆ, ಪೆಟ್ಟಿಗೆಯ ಕೆಂಡಕ್ಕೆ ಗಾಳಿ ಹಾಕುತ್ತಾ. ಕಥೆಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಎರಡು ನರ್ಸಿಂಗ್ ಸ್ಕೂಲುಗಳಿವೆ, ಮಧ್ಯದಲ್ಲಿ ನಿನ್ನ ತಂಗಿ ನಿಂತಿದ್ದಾಳೆ.

ಒಂದು ಸ್ಕೂಲು ಸೇತುವೆಯ ಆಚೆ. ಎರಡು ಬಸ್ಸು ಬದಲಾಯಿಸಬೇಕು, ಇಲ್ಲವೆ ಅಲ್ಲೇ ಹಾಸ್ಟೆಲಿನಲ್ಲಿರಬೇಕು. ಒಂದೂವರೆ ವರ್ಷ. ದೊಡ್ಡ ಆಸ್ಪತ್ರೆಯ ಎಲ್ಲ ವಾರ್ಡುಗಳಲ್ಲೂ ನಿಲ್ಲಿಸಿ ಕೆಲಸ ಕಲಿಸುತ್ತಾರೆ. ಫೀಸು ಎಷ್ಟೆಂದು ಕೇಳಿ ಅಮ್ಮ ಕೂತಿದ್ದವಳು ಎದ್ದಳು, ನಿಂತಿದ್ದರೆ ಕೂತುಬಿಡುತ್ತಿದ್ದಳು.

ಇನ್ನೊಂದು ಟೈರ್ ಅಂಗಡಿಯ ಮಹಡಿಯ ಮೇಲೆ. ಮನೆಯಿಂದ ಹತ್ತು ನಿಮಿಷದ ನಡಿಗೆ. ಒಂದೇ ವರ್ಷ, ಫೀಸು ಅದರ ಕಾಲು ಭಾಗ. ಬೆಳಿಗ್ಗೆ ಪ್ರಾಕ್ಟಿಕಲ್, ಸಂಜೆ ಪಾಠ. ಮಧ್ಯಾಹ್ನದ ಟೈಲರ್ ಅಂಗಡಿ ಕೆಲಸ ಬಿಡಬೇಕಾಗಿಲ್ಲ, ಅಮ್ಮನ ಮಂಡಿ ತಿಕ್ಕುವುದೂ ತಪ್ಪುವುದಿಲ್ಲ. ಕೊನೆಗೆ ಎರಡೂ ಕಡೆಯವರು ಬರೆಯುವುದು ಒಂದೇ ಪರೀಕ್ಷೆ.

ಆದರೆ ಇಸ್ತ್ರಿ ಅತ್ತೆಯ ಸೊಸೆ ಅಲ್ಲಿ ಓದಿದವಳು. ಮುಖ ಸಿಂಡರಿಸಿದಳು. "ಅದೂ ಒಂದು ಸ್ಕೂಲೇನೇ? ವರ್ಷಪೂರ್ತಿ ಒಂದೇ ನರ್ಸಿಂಗ್ ಹೋಮು. ಏಳಲಾರದೆ ಮಲಗಿರೋರನ್ನ ಹೊರಳಿಸು, ಒರೆಸು, ಮತ್ತೆ ಹೊರಳಿಸು. ಇಂಜೆಕ್ಷನ್ ಚುಚ್ಚೋಕೆ ನಂಗೆ ಗಂಡನ ತೋಳೇ ಗತಿಯಾಯ್ತು ಕಣೆ."

ನೀನು ಮನೆಗೆ ಹಿರಿಯ. ಜೈಲಿನಲ್ಲಿದ್ದರೂ ಹಿರಿಯನೇ. ದೂರದ್ದೋ ಹತ್ತಿರದ್ದೋ ನೀನೇ ಹೇಳು. ನಿನ್ನ ಅಪೀಲು ನವೆಂಬರಿನಲ್ಲಿ ಬರುತ್ತದಂತೆ. ವಕೀಲರಿಗೆಂದು ಅಮ್ಮ ಎತ್ತಿಟ್ಟಿರುವುದನ್ನು ನಾನು ಮುಟ್ಟುವುದಿಲ್ಲ ಎಂದು ಹೇಳಿದೆ. ಮುಟ್ಟು ಎಂದೂ ಅವಳು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ನಿನ್ನ ಚೂಟಿ


ಜೂನ್ 15

ಚೂಟಿಗೆ,

ಹತ್ತಿರದ್ದನ್ನು ಸೇರು. ಹನ್ನೊಂದು ವರ್ಷ ಲಾರಿ ಓಡಿಸಿದವನ ಮಾತು ಕೇಳು: ದೂರದ ಲೋಡಿಗೆ ಬಾಡಿಗೆ ಜಾಸ್ತಿ ಕಾಣುತ್ತದೆ, ಡೀಸೆಲ್ಲು, ಟೈರು, ನಿದ್ದೆ ಎಲ್ಲಾ ಕಳೆದರೆ ಕೈಯಲ್ಲಿ ಉಳಿಯುವುದು ಬೆನ್ನುನೋವು. ಪರೀಕ್ಷೆ ಒಂದೇ ಅಂದ ಮೇಲೆ ಯಾವ ರಸ್ತೆಯಲ್ಲಿ ಹೋದರೇನು? ಅಮ್ಮನೂ ಒಬ್ಬಳೇ ಆಗುವುದಿಲ್ಲ. ನಾನು ಹೇಳುತ್ತಿರುವುದು ನಿನ್ನ ಒಳ್ಳೆಯದಕ್ಕೇ.

ನನಗೂ ಇಲ್ಲಿ ನಿನ್ನ ಕೆಲಸವೇ ಸಿಕ್ಕಿದೆ. ಜೈಲಿನ ಆಸ್ಪತ್ರೆ ಕೋಣೆಯಲ್ಲಿ ಕಾಂಪೌಂಡರಿಗೆ ಸಹಾಯಕ. ಮೊನ್ನೆ ಒಂದು ಬಕೆಟ್ ನೀರಿಗೆ ಇಬ್ಬರು ಕಿತ್ತಾಡಿ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ ತುಂಡು ಮಾಡಿದ. ಕಾಂಪೌಂಡರು ಹೊಲಿದರು, ನಾನು ತಲೆ ಹಿಡಿದುಕೊಂಡೆ. ತುಂಡು ಹುಡುಕಲು ಬ್ಯಾರಕ್ಕಿನವರೆಲ್ಲ ನೆಲದ ಮೇಲೆ ಬಗ್ಗಿದ್ದರು, ಮೂಗುಬೊಟ್ಟು ಕಳೆದುಹೋದ ಮದುವೆಮನೆಯ ಹಾಗೆ.

ಹೊಸಬರು ಯಾರಾದರೂ ಬಂದರೆ ನನ್ನ ಕಥೆ ಕೇಳುತ್ತಾರೆ. ಹೇಳುತ್ತೇನೆ. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಮೂಟೆ ಹೊರುವ ಆ ಲೋಡರ್ ಮೊದಲು ಹೊಡೆದದ್ದು, ನನ್ನ ಹಣೆ ಒಡೆದದ್ದು, ಕಣ್ಣಿಗೆ ರಕ್ತ ಇಳಿದು ಕೈಗೆ ಸಿಕ್ಕಿದ ಕಬ್ಬಿಣದ ಜಾಕ್ ರಾಡನ್ನು ನಾನು ಬೀಸಿದ್ದು. ಎಷ್ಟು ಸಲ ಹೇಳಿದ್ದೇನೆಂದರೆ, ಎಲ್ಲಾದರೂ ಬಿಟ್ಟರೆ ಹಳಬರೇ ತುಂಬಿಕೊಡುತ್ತಾರೆ. ಹಣೆಯ ಗಾಯವನ್ನು ಜಡ್ಜೂ ನೋಡಿದ್ದಾರೆ. ಅಪೀಲಿನಲ್ಲಿ ಅದೇ ನಮ್ಮ ಬಲ ಎಂದು ವಕೀಲರು ಹೇಳಿದ್ದಾರೆ. ಆ ಲೋಡರೂ ಹುಷಾರಾಗಿ ಊರಿಗೆ ಹೋದನೆಂದು ಆಗಲೇ ಹೇಳಿದ್ದೆನಲ್ಲ. ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಅಣ್ಣ


ಜುಲೈ 20

ಅಣ್ಣನಿಗೆ,

ಸೇರಿದೆ. ಮೂರನೇ ದಿನವೇ ನನ್ನ ಕೆಳಗಿನ ಹಲ್ಲು ಅಲ್ಲಾಡುತ್ತಿದೆ.

ನಮ್ಮ ನರ್ಸಿಂಗ್ ಹೋಮಿನಲ್ಲಿ ರೋಗಿಗಳಿಗೆ ಹೆಸರಿಲ್ಲ. ಹೆಸರು ಫೈಲಿನಲ್ಲಿರುತ್ತದೆ, ಫೈಲು ಮೇಟ್ರನ್ ಬೀರುವಿನಲ್ಲಿರುತ್ತದೆ. "ಹೆಸರು ಹಿಡಿದು ಕರೆದ್ರೆ ಸಲಿಗೆ ಬರುತ್ತೆ, ಸಲಿಗೆ ಬಂದ್ರೆ ಸಂಬಂಧಿಕರ ಜಗಳ ಮೈಮೇಲೆ ಬರುತ್ತೆ" ಎಂದು ಮೇಟ್ರನ್ ಹೇಳುತ್ತಾರೆ. ನಮಗೂ ಹೆಸರಿಲ್ಲ, ಎಲ್ಲರೂ ಹೊಸ ಸಿಸ್ಟರ್. ನನಗೆ ಕೊಟ್ಟಿರುವುದು ಹದಿನಾಲ್ಕನೇ ಹಾಸಿಗೆ. ವರ್ಷ ಮುಗಿಯುವವರೆಗೂ ಅದೇ. ಹೊರಳಿಸಿದ್ದು, ತೊಳೆದದ್ದು, ಹುಣ್ಣು ಆಗದಂತೆ ನೋಡಿಕೊಂಡದ್ದು ಎಲ್ಲಾ ಒಂದು ಪುಸ್ತಕದಲ್ಲಿ ಬರೆಯಬೇಕು. ಅದು ತುಂಬಿದರೆ ಮಾತ್ರ ಪರೀಕ್ಷೆ.

ಹದಿನಾಲ್ಕಕ್ಕೆ ಸೊಂಟದ ಕೆಳಗೆ ಸ್ವಾಧೀನವೇ ಇಲ್ಲ. ಸೊಂಟದ ಮೇಲೆ ಮಾತ್ರ ಎರಡು ಆಳಿನ ಶಕ್ತಿ ಇದೆ. ಒದ್ದೆ ಬಟ್ಟೆ ಹಿಡಿದು ಹಿಂದಿನಿಂದ ಹೋದೆ, ಮುಷ್ಟಿ ತಿರುಗಿಸಿ ಬಾಯಿಗೆ ಕೊಟ್ಟ. ರಕ್ತ ಉಗಿದು ಮತ್ತೆ ಹೋದೆ. ಕೂದಲು ಹಿಡಿದು ಮಂಚದ ಕಂಬಿಗೆ ಬಡಿದ. ನನಗಿಂತ ಮುಂಚೆ ಇದ್ದವಳ ಮೂಗು ಮುರಿದಿದ್ದಾನಂತೆ. ಮೇಟ್ರನ್ ನನ್ನ ಗಲ್ಲ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿ, "ಪರವಾಗಿಲ್ಲ, ಮದುವೆಗೆ ಅಡ್ಡಿ ಆಗಲ್ಲ" ಎಂದರು.

ಹೊಡೆಯುವವನನ್ನು ತೊಳೆಯುವುದು ಹೇಗೆ? ನಿಮ್ಮ ಕಾಂಪೌಂಡರನ್ನು ಕೇಳಿ ಬರಿ.

ಚೂಟಿ


ಆಗಸ್ಟ್ 2

ಚೂಟಿಗೆ,

ನಿನ್ನ ಹಲ್ಲಿನ ಸಂಗತಿ ಓದಿ ಗೋಡೆಗೆ ಗುದ್ದಿದೆ. ಈಗ ನನ್ನ ಕೈಗೂ ಪಟ್ಟಿ.

ಕಾಂಪೌಂಡರು ಹೇಳಿದ್ದು ಇಷ್ಟು. ಹಿಂದಿನಿಂದ ಹೋಗಬೇಡ. ಮುಖ ಕಾಣುವಂತೆ ನಿಂತು, ಈಗ ಭುಜ ಮುಟ್ಟುತ್ತೇನೆ, ಈಗ ಬೆನ್ನು ಎಂದು ಹೇಳಿ ಮುಟ್ಟು. ದಪ್ಪ ಟವಲನ್ನು ಹಗ್ಗದ ಹಾಗೆ ಹೊಸೆದು ಅವನ ಎರಡೂ ಕೈಗೆ ಕೊಡು, ಗಟ್ಟಿಯಾಗಿ ಹಿಂಡಲು ಹೇಳು. ಕೈಗೆ ಕೆಲಸವಿದ್ದರೆ ಹೊಡೆಯುವುದಿಲ್ಲ. ಮೊಣಕಾಲು ಮಡಚಿಸಿ, ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಕೊಟ್ಟು ನಿನ್ನ ಕಡೆಗೆ ಎಳೆದುಕೋ. ನಾನು ಇಲ್ಲಿ ಹಾಗೆಯೇ ಮಾಡುತ್ತೇನೆ.

ಇದು ಕಾಂಪೌಂಡರ ಮಾತಲ್ಲ, ನನ್ನದು: ಇನ್ನೊಂದು ಸಲ ಕೈ ಮಾಡಿದರೆ, ನನ್ನಣ್ಣ ಯಾರು ಗೊತ್ತಾ ಎಂದು ಕೇಳು. ವೇಬ್ರಿಡ್ಜಿನ ಹತ್ತಿರ ಜಾಕ್ ರಾಡಿನಲ್ಲಿ ಒಬ್ಬನನ್ನು ಮಲಗಿಸಿದವನ ತಂಗಿ ನಾನು ಎಂದು ಹೇಳು. ಬಾಲ ಮುದುರಿಕೊಂಡು ಮಲಗುತ್ತಾನೆ.

ಅಣ್ಣ


ಸೆಪ್ಟೆಂಬರ್ 6

ಅಣ್ಣನಿಗೆ,

ಟವಲು ಕೆಲಸ ಮಾಡಿತು! ಅವನು ಹಿಂಡುತ್ತಾನೆ, ನಾನು ತೊಳೆಯುತ್ತೇನೆ. ಬೈಗುಳ ಮಾತ್ರ ನಿಂತಿಲ್ಲ. ಕೆಲವು ಬೈಗುಳ ನೀನು ಲಾರಿ ಕೆಳಗೆ ಮಲಗಿ ನಟ್ಟು ಬಿಚ್ಚುವಾಗ ಬೈಯುತ್ತಿದ್ದವೇ. ನಗು ಬಂತು. ಯಾಕೆ ನಗ್ತೀಯ ಎಂದು ಕೇಳಿದ. ಮನೆ ನೆನಪಾಯಿತು ಎಂದೆ.

ಈ ವಾರ ಸ್ಕೂಲಿನ ಮೇಡಂ ಬಂದು ಅವನ ಬೆನ್ನಿನ ಮೇಲೆಯೇ ಪಾಠ ಮಾಡಿದರು. ಮೂರು ಗಾಯದ ಗುರುತುಗಳಿವೆ. ಒಂದು ಭುಜದ ಹಿಂದೆ, ಓರೆಯಾಗಿ. ಇನ್ನೆರಡು ಸೊಂಟದ ಮೇಲೆ ಅಡ್ಡಕ್ಕೆ, ಒಂದರ ಪಕ್ಕ ಒಂದು, ಸ್ಕೇಲಿಟ್ಟು ಎಳೆದ ಹಾಗೆ. "ಮೊದಲನೇದು ನಿಂತಾಗ ಬಿದ್ದ ಪೆಟ್ಟು, ಹಿಂದಿನಿಂದ. ಆಮೇಲಿನ ಎರಡು, ಬೋರಲು ಬಿದ್ದವನ ಮೇಲೆ. ನಿಂತಿರೋನು ಸುಮ್ಮನಿರಲ್ಲ, ಗುರುತು ಹೀಗೆ ಸಮನಾಗಿ ಬೀಳಲ್ಲ" ಎಂದರು. ಅವನು ಗೋಡೆ ನೋಡುತ್ತಾ ಟವಲು ಹಿಂಡುತ್ತಿದ್ದ. ಅಂಗೈ ನೋಡಿದರೆ ಮೂಟೆ ಹೊತ್ತವನು. ಎರಡು ವರ್ಷ ಮಲಗಿದರೂ ದಡ್ಡು ಹೋಗಿಲ್ಲ.

ಬಿದ್ದವನಿಗೆ ಹೊಡೆದ ಆ ಕೈ ಸೇದಿಹೋಗಲಿ ಎಂದು ಅವತ್ತು ಶಾಪ ಹಾಕಿದೆ. ಕೆಟ್ಟ ಮಾತು ಬರೆಯುತ್ತಿದ್ದೇನೆ, ಕ್ಷಮಿಸು. ಆದರೆ ನೀನೂ ಆ ಬೆನ್ನು ನೋಡಿದ್ದರೆ ಹೀಗೇ ಹೇಳುತ್ತಿದ್ದೆ.

ಚೂಟಿ


ಸೆಪ್ಟೆಂಬರ್ 18

ಚೂಟಿ,

ಆ ಸ್ಕೂಲು ಬಿಡು. ಈ ವಾರವೇ ಬಿಡು. ಸೇತುವೆ ಆಚೆಯದಕ್ಕೆ ಸೇರು. ಅಮ್ಮ ವಕೀಲರಿಗೆ ಇಟ್ಟಿರುವುದನ್ನೆಲ್ಲ ತೆಗೆದುಕೋ, ನನಗೆ ವಕೀಲರು ಬೇಡ. ಯಾಕೆಂದು ಕೇಳಬೇಡ.

ಅಲ್ಲಿ ನನ್ನ ಸುದ್ದಿ ಎತ್ತಬೇಡ. ಹಿಂದಿನ ಕಾಗದದಲ್ಲಿ ಬರೆದ ಮಾತು ಯಾರ ಹತ್ತಿರವೂ ಆಡಬೇಡ.

ಅಣ್ಣ


ಅಕ್ಟೋಬರ್ 9

ಅಣ್ಣನಿಗೆ,

ಎಡಗೈ ಪ್ಲಾಸ್ಟರಿನಲ್ಲಿದೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಹಾಳೆ ಜಾರುತ್ತದೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ನಿನ್ನ ಕಾಗದ ಬಂದದ್ದು ಇಪ್ಪತ್ತೈದಕ್ಕೆ. ನಾನು ಆ ಮಾತು ಆಡಿದ್ದು ಇಪ್ಪತ್ತಕ್ಕೆ. ಅವತ್ತು ಅವನು ಸ್ಟೀಲ್ ಲೋಟ ಬೀಸಿದ. ಹುಬ್ಬಿಗೆ ತಗುಲಿ ಕಣ್ಣು ಕತ್ತಲೆಯಾಯಿತು. ಸಿಟ್ಟಿನಲ್ಲಿ, ನೀನು ಹೇಳಿಕೊಟ್ಟ ಹಾಗೆಯೇ, ಅಕ್ಷರ ಬಿಡದೆ ಹೇಳಿದೆ. "ನನ್ನಣ್ಣ ಯಾರು ಗೊತ್ತಾ ನಿಮಗೆ? ವೇಬ್ರಿಡ್ಜ್ ಹತ್ರ ಜಾಕ್ ರಾಡಲ್ಲಿ ಒಬ್ಬನ್ನ ಮಲಗಿಸಿದೋನು!"

ಅವನು ಟವಲು ಕೆಳಗೆ ಬಿಟ್ಟ. ಬಹಳ ಹೊತ್ತು ನನ್ನ ಮುಖ ನೋಡಿದ.

"ಲಾರಿ ಹಸಿರಾ?"

"ಹೂಂ."

"ಮುಂದುಗಡೆ ಗಾಜಿನ ಮೇಲೆ ಏನ್ ಬರೆದಿತ್ತು?"

ನನ್ನ ಅಡ್ಡಹೆಸರು ಹೇಳಿದೆ. ನಕ್ಕುಕೊಂಡೇ ಹೇಳಿದೆ ಅಣ್ಣ, ನನಗೇನು ಗೊತ್ತು? "ಚೂಟಿ ಅಂದ್ರೆ ನೀನೇನಾ" ಎಂದ. ಆಮೇಲೆ ಎರಡು ದಿನ ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಔಷಧಿ ಹಿಡಿಸಿತು ಎಂದು ನಾನು ಹಿಗ್ಗಿದೆ.

ಮೂರನೆಯ ದಿನ ಅವನ ತಮ್ಮ ಬಂದ. ಅವನೂ ಲೋಡರೇ, ಬಾಗಿಲು ತುಂಬುವ ಆಳು. "ಇವಳೇನಾ?" ಎಂದ. ಜಡೆ ಹಿಡಿದು ವಾರ್ಡಿನ ಉದ್ದಕ್ಕೂ ಎಳೆದ. "ಅಣ್ಣ ಅರ್ಧ ಕೊಂದ, ಉಳಿದಿದ್ದನ್ನ ಮುಗಿಸೋಕೆ ತಂಗಿ ಬಂದ್ಲಾ?" ಎಂದು ಕಿರುಚುತ್ತಿದ್ದ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವನು ಬಾಗಿಲು ಒದ್ದ. ಮೂರು ಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಇನ್ನೊಂದು ಸಲ ಒದೆಯಲು ಕಾಲೆತ್ತಿದಾಗ ಮೇಟ್ರನ್ ಓಡಿ ಬಂದು ಬೆಡ್‌ಪ್ಯಾನಿನಿಂದ ಅವನ ತಲೆಗೆ ಹೊಡೆದರು. ಅದು ಖಾಲಿ ಇರಲಿಲ್ಲ. ಪೊಲೀಸರು ಬರುವ ತನಕ ಅವನು ಮೆಟ್ಟಿಲ ಮೇಲೆ ಕೂತು, ಮೈಯೆಲ್ಲ ಗಲೀಜು ಮಾಡಿಕೊಂಡು, ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ನಾನು ದೂರು ಬರೆದುಕೊಡಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯಲಿ?

ಮಾರನೆಯ ದಿನ ಅವರಮ್ಮ ಬಂದರು. ಗಲಾಟೆ ಮಾಡಲಿಲ್ಲ. ನನ್ನ ಪ್ಲಾಸ್ಟರ್ ನೋಡಿ, "ನೋಯುತ್ತಾ?" ಎಂದರು. ಹೂಂ ಎಂದೆ. "ನೋಯಲಿ" ಎಂದರು. ಆಮೇಲೆ ಹೇಳಿದರು: "ನನ್ನ ಮಗ ಮೊದಲು ಹೊಡೆದ ಅಂತ ನಿನ್ನಣ್ಣ ಕೋರ್ಟಲ್ಲಿ ಹೇಳಿದ. ಊರೆಲ್ಲ ನನ್ನ ಮಗನ್ನ ರೌಡಿ ಅಂತು. ಸೊಸೆ ಮಗು ಎತ್ಕೊಂಡು ತೌರಿಗೆ ಹೋದಳು. ಇವನ ಕೈ ಖಾಲಿ ಇತ್ತು ಅಂತ ನಿನ್ನಣ್ಣ ಬರೆದುಕೊಡ್ಲಿ, ಆಮೇಲೆ ನೀನು ಇವನ್ನ ಮುಟ್ಟು. ಇಲ್ಲಾಂದ್ರೆ ಈ ಹೊಸಿಲು ತುಳೀಬೇಡ."

ಸ್ಕೂಲಿನವರ ಮಾತೂ ಕೇಳು. ಹದಿನಾಲ್ಕರ ಮನೆಯವರು ಒಪ್ಪಿ ಸಹಿ ಹಾಕಿದರೆ ಮಾತ್ರ ನಾನು ಮುಂದುವರಿಯಬಹುದು. ಇಲ್ಲವೆಂದರೆ ಇಷ್ಟು ತಿಂಗಳ ಪುಸ್ತಕ ರದ್ದು, ಕಟ್ಟಿದ ಫೀಸು ವಾಪಸ್ಸಿಲ್ಲ. ದೂರದ ಸ್ಕೂಲಿನಲ್ಲಿ ಸೇರುವ ದಿನ ಯಾವಾಗಲೋ ಮುಗಿದಿದೆ. ನಾನು ನರ್ಸ್ ಆಗುವುದಿದ್ದರೆ ಇಲ್ಲೇ, ಆ ಹಾಸಿಗೆಯ ಪಕ್ಕದಲ್ಲೇ.

ಅವನು ಹುಷಾರಾಗಿ ಊರಿಗೆ ಹೋದ ಎಂದಿದ್ದೆ. ಅಮ್ಮನನ್ನು ಕೇಳಿದೆ. ಒಲೆಯ ಕಡೆ ತಿರುಗಿಕೊಂಡಳು. ಅಂದರೆ ಅವಳಿಗೂ ಗೊತ್ತಿತ್ತು.

ನಿನ್ನ ಕಥೆಯಲ್ಲಿ ಅವನು ನಿನ್ನ ಎದುರಿಗಿದ್ದ. ಆ ಬೆನ್ನನ್ನು ನಾನು ಎರಡು ತಿಂಗಳು ತೊಳೆದಿದ್ದೇನೆ ಅಣ್ಣ. ಅವನ ಕೈ ಖಾಲಿ ಇತ್ತೇ?

ಚೂಟಿ


ನವೆಂಬರ್ 2

ಚೂಟಿಗೆ,

ಎರಡು ಕಾಗದ ಬರೆದು ಹರಿದೆ. ಒಂದರಲ್ಲಿ ಮತ್ತೆ ಸುಳ್ಳು ಹೇಳಿದ್ದೆ. ಇನ್ನೊಂದರಲ್ಲಿ ಅಪೀಲು ಮುಗಿಯುವ ತನಕ ಕಾಯಿ ಎಂದು ಕೇಳಿದ್ದೆ. ಇದು ಮೂರನೆಯದು. ಇದನ್ನು ಜೈಲಿನ ಆಫೀಸಿನಲ್ಲಿ ಓದಿ ಮುದ್ರೆ ಹಾಕುತ್ತಾರೆ. ಯಾರಿಗೆ ಬೇಕಾದರೂ ಓದಿ ಹೇಳು.

ಅವತ್ತು ವೇಬ್ರಿಡ್ಜಿನಲ್ಲಿ ನಲವತ್ತು ಲಾರಿಗಳ ಸಾಲು. ಮೂರು ಗಂಟೆಯಿಂದ ಬಿಸಿಲಿನಲ್ಲಿ ನಿಂತಿದ್ದೆ. ಆ ಲೋಡರು ನನ್ನ ಹಿಂದಿನ ಲಾರಿಯನ್ನು ಮುಂದಕ್ಕೆ ಬಿಟ್ಟ. ಇಳಿದು ಕೇಳಿದೆ. "ಆಫೀಸಿಂದ ಹೇಳಿದ್ದಾರೆ ಮಾರಾಯ, ಐದ್ನಿಮಿಷ ತಡ್ಕೊ. ನಿನ್ನ ಲಾರಿಗೇನು ಹೆರಿಗೆ ನೋವಾ?" ಎಂದ. ಸುತ್ತ ಇದ್ದವರು ನಕ್ಕರು. ಅವನೂ ನಕ್ಕ. ಅಷ್ಟೆ. ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ.

ಅವನು ನನ್ನ ಕಡೆ ಬೆನ್ನು ಮಾಡಿ ತಲೆಗೆ ಟವಲು ಸುತ್ತಿಕೊಳ್ಳುತ್ತಿದ್ದ. ಎರಡೂ ಕೈ ತಲೆಯ ಮೇಲಿತ್ತು. ನಾನು ಸೀಟಿನ ಕೆಳಗಿನಿಂದ ರಾಡು ತಂದೆ. ಕೈಗೆ ಸಿಕ್ಕಿದ್ದಲ್ಲ, ಹೋಗಿ ತಂದದ್ದು. ಮೊದಲ ಏಟು ಭುಜಕ್ಕೆ ಬಿತ್ತು. ಅವನು ತಿರುಗಿ ನನ್ನ ಲಾರಿಯ ಕಡೆ ನೋಡಿ ಬೋರಲು ಬಿದ್ದ. ಎರಡನೆಯದಕ್ಕೆ ಅವನ ಬೆನ್ನೊಳಗೆ ಹಸಿ ಕಟ್ಟಿಗೆ ಮುರಿದ ಸದ್ದು ಬಂತು. ಕಾಲು ಅಲ್ಲಾಡುವುದು ನಿಂತಿತು. ನಿಂತದ್ದನ್ನು ನೋಡಿದೆ. ನೋಡಿಯೇ ಮೂರನೆಯದು ಹೊಡೆದೆ.

ಜನ ಓಡಿ ಬರುವುದರೊಳಗೆ ಲಾರಿಯ ಬಾಗಿಲಿಗೆ ನಾನೇ ಹಣೆ ಚಚ್ಚಿಕೊಂಡೆ. ಎರಡು ಸಲ. ಮೊದಲನೇ ಸಲಕ್ಕೆ ರಕ್ತ ಬರಲಿಲ್ಲ. ಜಡ್ಜು ನೋಡಿದ ಗಾಯ ಅದು.

ಇನ್ನೊಂದು ಉಳಿದಿದೆ. ಹತ್ತಿರದ ಸ್ಕೂಲು ಸೇರು ಎಂದದ್ದು ನಿನ್ನ ಒಳ್ಳೆಯದಕ್ಕಲ್ಲ. ದೂರದ್ದಕ್ಕೆ ಹೋದರೆ ವಕೀಲರ ಫೀಸಿಗೆ ಕೈ ಬೀಳುತ್ತದೆ ಎಂದು. ನೀನು ಎಲ್ಲ ವಾರ್ಡಿನಲ್ಲಿ ನಿಂತು ಕೆಲಸ ಕಲಿಯಬೇಕಾಗಿತ್ತು.

ನಿನ್ನೆ ಬ್ಯಾರಕ್ಕಿಗೆ ಒಬ್ಬ ಹೊಸಬ ಬಂದ, ಕಥೆ ಕೇಳಿದ. ಇದನ್ನೇ ಹೇಳಿದೆ. ಹಳಬರು ಸರಿಪಡಿಸಲು ಬಾಯಿ ತೆರೆದವರು ಹಾಗೆಯೇ ಕೂತರು. ಕಿವಿ ಹೊಲಿಸಿಕೊಂಡವನು ಎದ್ದು, "ಎರಡು ವರ್ಷ ಸುಳ್ಳು ಕೇಳಿಸಿದ್ಯಲ್ಲೋ" ಎಂದು ಬಕೆಟ್ಟಿನಿಂದ ಮುಖಕ್ಕೆ ಕೊಟ್ಟ. ನಿನ್ನ ಅಲ್ಲಾಡುವ ಹಲ್ಲಿಗೆ ಜೊತೆಯಾಗಿ ನನ್ನವು ಎರಡು ಬಿದ್ದಿವೆ. ಕಾಂಪೌಂಡರು ಬಾಯಿ ತೊಳೆದರು.

ಹೌದು. ಅವನ ಕೈ ಖಾಲಿ ಇತ್ತು.

ಅಣ್ಣ


ನವೆಂಬರ್ 11

ಅಣ್ಣನಿಗೆ,

ನಿನ್ನೆ ಸಂಜೆ ಹದಿನಾಲ್ಕನೇ ಹಾಸಿಗೆಯ ಪಕ್ಕ ನಿಂತು ನಿನ್ನ ಕಾಗದ ಓದಿದೆ. ಕೇಳಿದವರು ನಾಲ್ಕು ಜನ: ಅವನು, ಅವನ ತಾಯಿ, ಅವನ ತಮ್ಮ, ಮೇಟ್ರನ್. ತಮ್ಮನನ್ನು ಒಳಗೆ ಬಿಡುವ ಮುಂಚೆ ಮೇಟ್ರನ್ ಅವನ ಎರಡೂ ಜೇಬು ಮುಟ್ಟಿ ನೋಡಿದರು.

ಹೆರಿಗೆ ನೋವಿನ ಮಾತು ಬಂದಾಗ ಅವನು, "ಹೌದು, ಅಂದಿದ್ದೆ" ಎಂದ. ಮೂರನೆಯ ಏಟಿನ ಹತ್ತಿರ ತಮ್ಮ ಎದ್ದು ಗೋಡೆಗೆ ತಲೆ ಚಚ್ಚಿದ, ಗೋಡೆಯ ಸುಣ್ಣ ಉದುರಿತು. ನಾನು ಓದುವುದನ್ನು ನಿಲ್ಲಿಸಿದೆ. ತಾಯಿ ಅವನ ಕಡೆ ನೋಡಲೇ ಇಲ್ಲ. "ನೀನು ಓದು" ಎಂದರು. ಮುಗಿಸಿದ ಮೇಲೆ, "ಕೈ ತಲೆ ಮೇಲಿತ್ತು ಅನ್ನೋದನ್ನ ಇನ್ನೊಂದ್ಸಲ ಓದು" ಎಂದರು. ನಾಲ್ಕು ಸಲ ಓದಿಸಿದರು. ಯಾರೂ ನನಗೆ ಒಂದು ಒಳ್ಳೆಯ ಮಾತೂ ಹೇಳಲಿಲ್ಲ. ತಾಯಿ, ತಮ್ಮ ಇಬ್ಬರೂ ಎದ್ದು ಹೋದರು.

ಇವತ್ತು ಬೆಳಿಗ್ಗೆಯದನ್ನು ಹೇಳುತ್ತೇನೆ.

ಅವನ ತಾಯಿ ಮೊದಲನೇ ಬಸ್ಸಿಗೆ ನಿನ್ನ ಕಾಗದ ಹಿಡಿದುಕೊಂಡು ಸರ್ಕಾರಿ ವಕೀಲರ ಹತ್ತಿರ ಹೋದರು. ನಿನ್ನ ಅಪೀಲು ಏನಾಗುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮನಿಗೆ ನಾನೇ ಹೇಳಿದೆ. ಬಸ್ಸಿಗೆ ಹೋಗುವ ಮುಂಚೆ ಆ ತಾಯಿ ಸ್ಕೂಲಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮೇಟ್ರನ್ ಮೇಜಿನ ಮೇಲೆ ಇಟ್ಟಿದ್ದರು. ಮೇಟ್ರನ್ ಬೀರು ತೆಗೆದು ನನ್ನ ಪುಸ್ತಕ ಕೈಗೆ ಕೊಟ್ಟು, "ಇವತ್ತಿನ ತಾರೀಖು ಹಾಕ್ಕೋ" ಎಂದರು.

ತಮ್ಮ ಕೆಲಸಕ್ಕೆ ಹೋಗಿರಲಿಲ್ಲ. ಸ್ಟೂಲು ಎಳೆದುಕೊಂಡು ಬಾಗಿಲ ಪಕ್ಕ ಕೂತಿದ್ದ. ನನ್ನ ಕೈಯನ್ನೇ ನೋಡುತ್ತಿದ್ದ.

ಎಡಗೈ ಪ್ಲಾಸ್ಟರ್ ಬಿಚ್ಚಿಯಾಗಿತ್ತು, ನಾನು ಬಟ್ಟಲಲ್ಲಿ ನೀರು ತಂದೆ. ಹದಿನಾಲ್ಕು ನನ್ನ ಕಡೆ ತಿರುಗಿ, "ಇವತ್ತು ಗಡ್ಡ ತೆಗಿ" ಎಂದ. ಆ ವಾರ್ಡಿನಲ್ಲಿ ಗಡ್ಡ ತೆಗೆಯಲು ಕ್ಷೌರದವನು ಬರುತ್ತಾನೆ. ಇವನು ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ಮೇಟ್ರನ್ ಹೊಸ ಬ್ಲೇಡು ಹಾಕಿ ರೇಜರ್ ಕೊಟ್ಟರು. ನೊರೆ ಹಚ್ಚಿದೆ. ಬ್ಲೇಡು ಗಂಟಲ ಹತ್ತಿರ ಹೋದಾಗ ನನ್ನ ಕೈ ನಡುಗಲು ಶುರುವಾಯಿತು. ತಮ್ಮ ಸ್ಟೂಲಿನಿಂದ ಎದ್ದ.

"ಕೂತ್ಕೊಳೋ" ಎಂದ ಅವನು. ನನಗೆ, "ನಡುಕ ನಿಂತ ಮೇಲೆ ಶುರು ಮಾಡು. ನಾನೇನು ಎದ್ದು ಹೋಗಲ್ಲ" ಎಂದ.

ನಿಂತುಕೊಂಡೆ. ನೊರೆ ಒಣಗಿತು, ಮತ್ತೆ ಹಚ್ಚಿದೆ. ನಡುಕ ನಿಂತಿತು. ಅವನು ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಚಾಚಿ, ಗದ್ದ ಮೇಲೆತ್ತಿದ.

ಚೂಟಿ